ಅಡುಗೆಮನೆ ಕಿಟಕಿಯ ಸೊಪ್ಪುಗಿಡಗಳು

ಮನೆಯೊಳಗೆ ಸೊಪ್ಪುಗಿಡ ಬೆಳೆಯುವ ಲೆಕ್ಕಾಚಾರ ಬೆಳಕಿನಿಂದ ಶುರುವಾಗುತ್ತದೆ. ಹಳೆಯ ತೊಟ್ಟಿಮನೆಗಳಲ್ಲಿ ಈ ಚಿಂತೆ ಇರಲಿಲ್ಲ. ನಡುವಿನ ತೊಟ್ಟಿಗೆ ಆಕಾಶದಿಂದ ನೇರ ಬಿಸಿಲು ಬೀಳುತ್ತಿತ್ತು, ಹಿತ್ತಿಲಿನಲ್ಲಿ ಕರಿಬೇವು, ದೊಡ್ಡಪತ್ರೆ ಇರುತ್ತಿದ್ದವು. ಚಾಮರಾಜನಗರ, ಗುಂಡ್ಲುಪೇಟೆಗಳ ಹೊಸ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ತಾಗಿದ ತಾರಸಿ ಮನೆಗಳಿಗೆ ಒಂದೋ ಎರಡೋ ದಿಕ್ಕಿನಲ್ಲಷ್ಟೇ ಕಿಟಕಿ. ಆ ಕಿಟಕಿ ಯಾವ ದಿಕ್ಕಿಗಿದೆ ಎಂಬುದೇ ಯಾವ ಗಿಡ ಉಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ತಂಪು ದೇಶಗಳ ಕೈತೋಟದ ಪುಸ್ತಕಗಳು ದಕ್ಷಿಣದ ಕಿಟಕಿಯೇ ಶ್ರೇಷ್ಠ ಎನ್ನುತ್ತವೆ. ಆ ಮಾತು ಇಲ್ಲಿಗೆ ಅರ್ಧ ವರ್ಷ ಮಾತ್ರ ಹೊಂದುತ್ತದೆ. ಎರಡೂ ಊರುಗಳು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 22 ಮತ್ತು ಆಗಸ್ಟ್ 21ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲಿಲ್ಲ, ಅದರ ಹಿಂದುಮುಂದಿನ ವಾರಗಳಲ್ಲಿ ಬೀಳಬಹುದಾದ ಅಷ್ಟಿಷ್ಟನ್ನೂ ಸಜ್ಜಾ ತಡೆಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಸುಮಾರು 35 ಡಿಗ್ರಿ ದಕ್ಷಿಣಕ್ಕೆ ವಾಲುವುದರಿಂದ ಅದೇ ಕಿಟಕಿಯ ಕೆಳಭಾಗಕ್ಕೆ ಚೆನ್ನಾಗಿ ಬಿಸಿಲು ಸಿಗುತ್ತದೆ. ಪೂರ್ವದ ಕಿಟಕಿಗೆ ಮಾತ್ರ ವರ್ಷವಿಡೀ ಎಳೆಬಿಸಿಲು ತಪ್ಪದು. ಆಯ್ಕೆಯಿದ್ದರೆ ಪೂರ್ವವನ್ನೇ ಹಿಡಿಯಬೇಕು. ಪಶ್ಚಿಮದ ಕಿಟಕಿ ಎರಡನೆಯದು. ಮಾರ್ಚ್, ಏಪ್ರಿಲ್‌ನ ಇಳಿಹೊತ್ತಿನ ಬಿಸಿಲು ಮತ್ತು ಆಷಾಢದ ಗಾಳಿ ಅಲ್ಲಿನ ಕುಂಡಗಳನ್ನು ಬೇಗ ಒಣಗಿಸುತ್ತವೆ.

ಬೆಳಕನ್ನು ಅಳೆಯಲು ಉಪಕರಣ ಬೇಡ. ಕುಂಡ ಇಡುವ ಜಾಗದಲ್ಲಿ ಬಿಳಿ ಹಾಳೆ ಹಾಸಿ, ಒಂದಡಿ ಮೇಲೆ ಅಂಗೈ ಹಿಡಿದು ನೋಡಿದರೆ ಸಾಕು. ಬೆರಳುಗಳ ನೆರಳು ಸ್ಪಷ್ಟವಾಗಿದ್ದರೆ ಬಿಸಿಲು ಬೇಡುವ ಗಿಡಕ್ಕೂ ಅದು ನೆಲೆ. ನೆರಳು ಮಸುಕಾಗಿದ್ದರೆ ಅರೆನೆರಳಿನ ಗಿಡಗಳಿಗೆ ಸರಿ. ನೆರಳೇ ಮೂಡದಿದ್ದರೆ ಅಲ್ಲಿ ಗಿಡ ಇಡಬಾರದು. ಬೆಳಕು ಕಿಟಕಿಯಿಂದ ಒಳಕ್ಕೆ ಸರಿದಂತೆ ಬಲು ಬೇಗ ಕುಗ್ಗುತ್ತದೆ, ಆದ್ದರಿಂದ ಕುಂಡಗಳು ಕಿಟಕಿಯ ಎರಡಡಿಯೊಳಗಿರಬೇಕು.

ಅರೆನೆರಳಿನಲ್ಲಿ ನಂಬಬಹುದಾದದ್ದು ದೊಡ್ಡಪತ್ರೆ. ಗೇಣುದ್ದದ ಕಡ್ಡಿ ಮುರಿದು ನೆಟ್ಟರೆ ಬೇರು ಬಿಡುತ್ತದೆ. ಎಲೆ, ಕಾಂಡಗಳಲ್ಲೇ ನೀರು ಹಿಡಿದಿಟ್ಟುಕೊಳ್ಳುವುದರಿಂದ ಎರಡು ದಿನ ಮರೆತರೂ ಬಾಡುವುದಿಲ್ಲ, ಆದರೆ ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ. ಒಂದೆಲಗದ ಸ್ವಭಾವ ಇದಕ್ಕೆ ತದ್ವಿರುದ್ಧ: ಸದಾ ಒದ್ದೆ ಮಣ್ಣು ಬೇಕು, ಅಗಲ ಬಾಯಿಯ ಕುಂಡ ಬೇಕು. ಸಂತೆಯಿಂದ ತಂದ ಪುದೀನ ಕಟ್ಟಿನ ಗಟ್ಟಿ ಕಡ್ಡಿಗಳನ್ನು ಲೋಟದ ನೀರಿನಲ್ಲಿಟ್ಟರೆ ವಾರ, ಎರಡು ವಾರದಲ್ಲಿ ಬೇರು ಬರುತ್ತದೆ. ಅದರ ಬಳ್ಳಿಬೇರು ಅಕ್ಕಪಕ್ಕದ ಗಿಡವನ್ನು ಮುಚ್ಚಿಬಿಡುತ್ತದೆ. ಪುದೀನಕ್ಕೆ ಪ್ರತ್ಯೇಕ ಕುಂಡವೇ ಆಗಬೇಕು.

ಉಪ್ಪುಸಾರಿನ ಖಾರಕ್ಕೆ ದಿನವೂ ಬೇಕಾಗುವ ಕೊತ್ತಂಬರಿ ಸ್ವಲ್ಪ ನಾಜೂಕಿನದು. ಅದರ ದುಂಡನೆಯ ಬೀಜ ನಿಜಕ್ಕೂ ಎರಡು ಬೀಜಗಳಿರುವ ಕಾಯಿ. ಮೆಲ್ಲಗೆ ಉಜ್ಜಿ ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಬೇಕು. ಬೇರು ನೇರ ಕೆಳಗಿಳಿಯುವುದರಿಂದ ಸಸಿ ಕಿತ್ತು ನೆಡಬಾರದು. ಮೊಳೆಯಲು ಎಂಟು ಹತ್ತು ದಿನ, ಕೊಯ್ಲಿಗೆ ಸುಮಾರು 40 ದಿನ ಹಿಡಿಯುತ್ತದೆ. ಬೇಸಿಗೆಯ ಸೆಕೆಗೆ ಬೇಗ ಹೂವಿಗೆ ಬರುವುದರಿಂದ ಅಕ್ಟೋಬರಿನಿಂದ ಫೆಬ್ರವರಿವರೆಗೆ ಇದರ ಕಾಲ. ಎರಡು ಮೂರು ವಾರಕ್ಕೊಮ್ಮೆ ಬೇರೆ ಬೇರೆ ಕುಂಡದಲ್ಲಿ ಬಿತ್ತುತ್ತಿದ್ದರೆ ಸೊಪ್ಪು ಕಡಿಯದೆ ಸಿಗುತ್ತದೆ. ಮೆಂತ್ಯ ಮೂರು ನಾಲ್ಕು ದಿನಕ್ಕೇ ಮೊಳೆತು ತಿಂಗಳೊಳಗೆ ಕೊಯ್ಲಿಗೆ ಬರುವುದರಿಂದ ಹೊಸಬರು ಅದರಿಂದಲೇ ಆರಂಭಿಸುವುದು ಒಳ್ಳೆಯದು.

ಈ ಸೀಮೆಯ ಹೊಲದ ಎರಡು ಬೆಳೆಗಳನ್ನೂ ಕಿಟಕಿಗೆ ತರಬಹುದು. ಗುಂಡ್ಲುಪೇಟೆ ಕಡೆ ಬೆಳೆಯುವ ಸಣ್ಣ ಈರುಳ್ಳಿಯನ್ನು ಒತ್ತೊತ್ತಾಗಿ ನೆಟ್ಟರೆ, ಗೆಡ್ಡೆಯಲ್ಲೇ ಆಹಾರ ಕೂಡಿಟ್ಟಿರುವುದರಿಂದ ಮಂದ ಬೆಳಕಿನಲ್ಲೂ ಹಸಿರು ಗರಿ ಬಿಡುತ್ತದೆ. ಎರಡು ಮೂರು ಸಲ ಕತ್ತರಿಸಿಕೊಳ್ಳಬಹುದು. ಅರಿಶಿನದ ಮೊಳಕೆಯಿರುವ ತುಂಡನ್ನು ಮೇ ತಿಂಗಳಲ್ಲಿ ಹಳೆಯ ಬಕೆಟ್ಟಿನಲ್ಲಿ ನೆಟ್ಟರೆ ಅಗಲವಾದ ಎಲೆ ಬೆಳೆದು, ಎಂಟೊಂಬತ್ತು ತಿಂಗಳಲ್ಲಿ ಎಲೆ ಒಣಗಿದಾಗ ಹಸಿ ಅರಿಶಿನ ಸಿಗುತ್ತದೆ.

ತುಳಸಿ, ಮಜ್ಜಿಗೆಹುಲ್ಲು, ಕರಿಬೇವುಗಳನ್ನು ಒಳಗೆ ಬಂಧಿಸಬಾರದು. ಅವಕ್ಕೆ ಗಂಟೆಗಟ್ಟಲೆ ನೇರ ಬಿಸಿಲು ಬೇಕು. ತಾರಸಿಯೋ ಮುಂಬಾಗಿಲೋ ಅವುಗಳ ಜಾಗ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನಿಂದ ಮದ್ದಿನ ಗಿಡ ಕಿತ್ತು ತರುವ ಆಸೆಯನ್ನಂತೂ ಬಿಡಲೇಬೇಕು. ಅವು ಹುಲಿ ಸಂರಕ್ಷಿತ ಪ್ರದೇಶಗಳು, ಗಿಡ ಕೀಳುವುದು ಅಪರಾಧ.

ಹೊಲದ ಕೆಂಪು ಮಣ್ಣನ್ನೇ ಕುಂಡಕ್ಕೆ ತುಂಬಿದರೆ ಗಟ್ಟಿಯಾಗುತ್ತದೆ. ಕಪ್ಪು ಮಣ್ಣು ಒಣಗಿದಾಗ ಬಿರಿಯುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿದರೆ ಹಗುರಾಗಿ ನೀರು ಬಸಿಯುತ್ತದೆ. ಸೊಪ್ಪಿಗೆ ಆರರಿಂದ ಎಂಟು ಇಂಚು ಆಳ ಸಾಕು, ತಳದಲ್ಲಿ ತೂತು ಇರಲೇಬೇಕು. ಬೆರಳು ಒಂದಿಂಚು ಇಳಿಸಿ ಮಣ್ಣು ಒಣಗಿದ್ದರಷ್ಟೇ ನೀರು ಹಾಕಬೇಕು. ಒಂದೆಲಗ ಮಾತ್ರ ಇದಕ್ಕೆ ಹೊರತು. ಬೋರ್‌ವೆಲ್ಲಿನ ಗಡಸು ನೀರು ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದರೆ ಅದನ್ನು ಕೆರೆದು ತೆಗೆದು, ಮಳೆನೀರು ಸಿಕ್ಕಾಗ ತೂತಿನಿಂದ ಹರಿದುಹೋಗುವಷ್ಟು ಹಾಕಬೇಕು. ಕುಂಡದ ಕೆಳಗಿನ ತಟ್ಟೆಯ ನೀರನ್ನೂ ಪುದೀನದ ಲೋಟವನ್ನೂ ಎರಡು ದಿನಕ್ಕೊಮ್ಮೆ ಚೆಲ್ಲುವುದು ಕಡ್ಡಾಯ, ಏಕೆಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಲು ಅಷ್ಟು ನೀರೇ ಸಾಕು.

ಗಾಳಿಯಾಡದ ಮೂಲೆಯಲ್ಲಿ ಹಿಟ್ಟುತಿಗಣೆ, ಗಿಡಹೇನು ಕಾಣಿಸಿಕೊಳ್ಳುತ್ತವೆ. ಮೊದಲು ನೀರಿನಿಂದ ತೊಳೆದು ನೋಡಬೇಕು. ಹೋಗದಿದ್ದರೆ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕದಡಿ ಸಂಜೆ ಸಿಂಪಡಿಸಿ, ಒಂದು ವಾರ ಆ ಸೊಪ್ಪನ್ನು ಬಳಸಬಾರದು. ಪುದೀನ, ದೊಡ್ಡಪತ್ರೆಗಳನ್ನು ಕೊಯ್ಯುವಾಗ ಎಲೆಯೊಂದನ್ನೇ ಕೀಳದೆ ಕುಡಿಯನ್ನು ಗಿಣ್ಣಿನ ಮೇಲೆ ಚಿವುಟಿದರೆ ಅಲ್ಲಿಂದ ಎರಡು ಕವಲು ಒಡೆಯುತ್ತವೆ. ಒಂದು ಸಲಕ್ಕೆ ಗಿಡದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು.