ಕಲ್ಲು ಕರಗುವ ಬಗೆ, ಕಲ್ಲು ಕಟ್ಟುವ ಬಗೆ

ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗುವ ರೈಲುಮಾರ್ಗದಲ್ಲಿರುವ ಬೊರ್ರಾ ಗುಹೆಗಳನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಅನಂತಗಿರಿ ಬೆಟ್ಟಗಳ ಸುಣ್ಣಕಲ್ಲಿನಲ್ಲಿ ಕೊರೆದ ಈ ಗುಹೆಗಳ ಮೂಲಕವೇ ಗೋಸ್ತನೀ ನದಿ ಹರಿಯುತ್ತದೆ. ಮೇಲಿನಿಂದ ಸುಣ್ಣದ ಜಟೆಗಳು ಇಳಿಬಿದ್ದಿವೆ. ನೆಲದಿಂದ ಮೇಲೆದ್ದ ಒಂದು ಶಿಲಾರೂಪವನ್ನು ಜನರು ಶಿವಲಿಂಗವೆಂದು ಪೂಜಿಸುತ್ತಾರೆ. ಕಲ್ಲನ್ನು ಕರಗಿಸಿ ಗುಹೆ ಮಾಡಿದುದು ನೀರು. ಅದೇ ಕಲ್ಲನ್ನು ಹನಿಹನಿಯಾಗಿ ಮತ್ತೆ ಕಟ್ಟುತ್ತಿರುವುದೂ ನೀರೇ. ಈ ಎರಡು ವಿರುದ್ಧ ಕಾರ್ಯಗಳು ಒಂದೇ ನೀರಿಗೆ ಸಾಧ್ಯವಾದುದು ಹೇಗೆ?

ಸುಣ್ಣಕಲ್ಲು ನೀರಿನಲ್ಲಿ ಕರಗದೆಂದು ಶಾಲೆಯಲ್ಲಿ ಕಲಿಯುತ್ತೇವೆ. ಇದು ಸ್ಥೂಲವಾದ ಮಾತು. ಒಂದು ಲೀಟರು ಶುದ್ಧ ಜಲದಲ್ಲಿ ಸುಮಾರು 14 ಮಿಲಿಗ್ರಾಂ ಕರಗುತ್ತದೆ; ಬಳಿಕ ದ್ರಾವಣ ಪರ್ಯಾಪ್ತವಾಗುತ್ತದೆ. ಆಗ ಎಲ್ಲವೂ ನಿಂತುಹೋಯಿತೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ವಸ್ತುತಃ ಕಲ್ಲಿನಿಂದ ಅಯಾನುಗಳು ನೀರಿಗೆ ಹೊರಡುತ್ತಲೇ ಇರುತ್ತವೆ, ನೀರಿನಿಂದ ಕಲ್ಲಿಗೆ ಅಷ್ಟೇ ವೇಗದಲ್ಲಿ ಮರಳುತ್ತಲೇ ಇರುತ್ತವೆ. ಈ ಸಮವೇಗವೇ ಸಮತೋಲ. ಇದರ ನಿಯಮವನ್ನು 1864ರಲ್ಲಿ ಮುಂದಿಟ್ಟವರು ಗುಲ್ಡ್‌ಬರ್ಗ್ ಮತ್ತು ವಾಗೆ. ಮೊದಲನೆಯ ಹೆಸರು ನಮ್ಮ ಹಳೆಯ ಗುಲ್ಬರ್ಗವನ್ನು ನೆನಪಿಗೆ ತಂದರೂ ಇಬ್ಬರೂ ನಾರ್ವೆಯವರು!

ಇನ್ನು ಗುಹೆಯ ವಿಷಯ. ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಇಂಥ ನೀರು ಕಾರ್ಬೊನೇಟನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸುವುದರಿಂದ ಸಮತೋಲ ಕರಗುವ ಕಡೆಗೆ ವಾಲುತ್ತದೆ. ಈ ವಾಯುವಿನ ಪ್ರಮಾಣ ಎಂಟು ಪಟ್ಟಾದರೆ ಕರಗುವ ಕಲ್ಲು ಸುಮಾರು ಎರಡು ಪಟ್ಟಾಗುತ್ತದೆ. ಹೀಗೆ ತುಂಬಿಕೊಂಡ ಹನಿಯು ಗುಹೆಯ ಮೇಲ್ಛಾವಣಿಯಲ್ಲಿ ತೂಗುವಾಗ, ಅಲ್ಲಿನ ಗಾಳಿಯಲ್ಲಿ ಆ ವಾಯು ಮಣ್ಣಿನಲ್ಲಿದ್ದುದಕ್ಕಿಂತ ಕಡಮೆಯಾದುದರಿಂದ, ಹನಿಯಿಂದ ಅದು ಹೊರಬೀಳುತ್ತದೆ. ಸಮತೋಲ ಹಿಂದಕ್ಕೆ ಸರಿದು ಕಲ್ಲು ಒತ್ತರಿಸುತ್ತದೆ. ನೀರು ಆರಿಹೋಗುವುದರಿಂದಲೇ ಜಟೆ ಬೆಳೆಯುತ್ತದೆಂಬ ನಂಬಿಕೆ ಸಾಮಾನ್ಯವಾದುದು. ಗುಹೆಯ ತೇವಭರಿತ ಗಾಳಿಯಲ್ಲಿ ನೀರು ಆರುವುದು ಅತ್ಯಲ್ಪ.

ವಿಜಯವಾಡದವರಿಗೆ ಈ ಪಾಠಕ್ಕಾಗಿ ಬೆಟ್ಟ ಹತ್ತಬೇಕಾಗಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದಿನ ಸುಣ್ಣಕಲ್ಲಿನ ನಾಡಿನಲ್ಲಿ ಹರಿಯುವ ಕಾಗಿಣಾ ನದಿ ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು; ಕೃಷ್ಣೆ ಪ್ರಕಾಶಂ ಬ್ಯಾರೇಜಿನ ಬಳಿ ಆ ನಗರವನ್ನು ಮುಟ್ಟುತ್ತಾಳೆ. ಕಲಬುರಗಿಯ ಕಲ್ಲಿನ ಒಂದಿಷ್ಟು ಅಂಶ ಕಣ್ಣಿಗೆ ಕಾಣದಂತೆ ಹೀಗೆ ಕರಾವಳಿಯವರೆಗೂ ಬರುತ್ತದೆ. ಆ ನೀರನ್ನು ಕಾಯಿಸಿದಾಗ ವಾಯು ಹೊರಟುಹೋಗಿ, ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕೂಡುತ್ತದೆ. ಜೊತೆಗೆ, ಸಕ್ಕರೆಯಂತಲ್ಲದೆ, ಸುಣ್ಣಕಲ್ಲು ಬಿಸಿನೀರಿನಲ್ಲಿ ಇನ್ನೂ ಕಡಮೆ ಕರಗುತ್ತದೆ. ಪೊರೆಯ ಮೇಲೆ ನಿಂಬೆಯ ರಸ ಹಿಂಡಿದರೆ ಆಮ್ಲವು ಕಾರ್ಬೊನೇಟನ್ನು ಕಬಳಿಸಿ ಗುಳ್ಳೆಗಳೆಬ್ಬಿಸುತ್ತದೆ. ಕೊರತೆಯನ್ನು ತುಂಬಲು ಕಲ್ಲು ಮತ್ತೆ ಮತ್ತೆ ಕರಗಿ, ಪಾತ್ರೆ ಶುಭ್ರವಾಗುತ್ತದೆ.