ಎರವಿನ ಹೆಸರಿನ ವಿಮಾನಗಳು

ವಿಮಾನದ ಬಾಲದ ಮೇಲೆ ಬರೆದಿರುವ ಹೆಸರು ಅದನ್ನು ನಡೆಸುವವರದೇ ಆಗಿರಬೇಕೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಟಿಕೀಟಿನ ಮೇಲೂ ಪರಿಚಾರಕರ ಉಡುಪಿನ ಮೇಲೂ ಅದೇ ಹೆಸರಿದ್ದರೆ ಸಂದೇಹಕ್ಕೆ ಎಡೆಯೆಲ್ಲಿ? ಆದರೂ ವಿಮಾನದ ಒಡೆಯರು ಬೇರೆಯವರೇ ಆಗಿರುವುದುಂಟು. ಇದಕ್ಕೆ ಇಂಗ್ಲಿಷಿನಲ್ಲಿ ಫ್ರಾಂಚೈಸ್ ಎಂದು ಹೆಸರು. ಎರವಿನ ಹೆಸರಿನ ವ್ಯಾಪಾರವೆಂದು ನಾವು ಹೇಳಬಹುದು. ಇಪ್ಪತ್ತಮೂರು ವರ್ಷ ಹೀಗೆ ಪರರ ಹೆಸರಿನಲ್ಲಿ ಹಾರಿ, ಬಳಿಕ ಸ್ವಂತ ಹೆಸರಿಗೆ ಮರಳಿದ ಸ್ಕಾಟ್ಲೆಂಡಿನ ಲೋಗನೇರ್ ಎಂಬ ಸಂಸ್ಥೆಯ ವೃತ್ತಾಂತವನ್ನು ಇಲ್ಲಿ ವಿಚಾರಮಾಡೋಣ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳೂ ಪಶ್ಚಿಮಕ್ಕೆ ಹೆಬ್ರಿಡೀಸ್ ದ್ವೀಪಗಳೂ ಚದರಿಕೊಂಡಿವೆ. ಕಡಲು ಮುನಿದ ದಿನ ಹಡಗು ಹೊರಡದು. ರೋಗವಾಗಲಿ ಹೆರಿಗೆಯಾಗಲಿ ಕಡಲು ತಣಿಯುವವರೆಗೆ ಕಾಯದು. ಕ್ಯಾಪ್ಟನ್ ಫ್ರೆಸನ್ ಎಂಬ ಸಾಹಸಿಯು ೧೯೩೩ನೆಯ ಇಸವಿಯಲ್ಲಿಯೇ ಇನ್ವರ್ನೆಸ್ಸಿನಿಂದ ಆರ್ಕ್ನಿಯ ಕರ್ಕ್‌ವಾಲ್ ಪಟ್ಟಣಕ್ಕೆ ವಿಮಾನ ನಡೆಸಿದನು. ೧೯೪೭ರಲ್ಲಿ ಈ ದಾರಿಗಳೆಲ್ಲ ಸರ್ಕಾರದ ಸಂಸ್ಥೆಗೆ ಸೇರಿದುವು. ಆದರೆ ಆರ್ಕ್ನಿಯ ಕಿರುದ್ವೀಪಗಳ ನಡುವೆ ಫ್ರೆಸನ್ ಆರಂಭಿಸಿದ್ದ ಹಾರಾಟವು ಯುದ್ಧಕಾಲದಲ್ಲಿ ನಿಂತುಹೋಗಿ, ೧೯೬೭ರವರೆಗೂ ಪುನಃ ಮೊದಲಾಗಲಿಲ್ಲ.

ಮೊದಲುಮಾಡಿದುದು ಲೋಗನೇರ್. ವಿಲ್ಲಿ ಲೋಗನ್ ಎಂಬ ಕಟ್ಟಡ ಕಂಟ್ರಾಕ್ಟರು ೧೯೬೨ರಲ್ಲಿ ಇದನ್ನು ಸ್ಥಾಪಿಸಿದನು. ಟೇ ನದಿಯ ಮೇಲಿನ ರಸ್ತೆಯ ಸೇತುವೆಯನ್ನು ಕಟ್ಟಿದುದು ಈತನ ಕಂಪೆನಿಯೇ. ೧೯೬೬ರಲ್ಲಿ ಲೋಗನ್ ವಿಮಾನ ಅಪಘಾತದಲ್ಲಿಯೇ ಮಡಿದನು. ಆ ವಿಮಾನ ಮಾತ್ರ ಬೇರೊಂದು ಕಂಪೆನಿಯಿಂದ ಬಾಡಿಗೆಗೆ ಪಡೆದದ್ದು.

ಈ ದ್ವೀಪಗಳ ವಿಮಾನಯಾನವು ನಮ್ಮ ಕಲ್ಪನೆಯ ವಿಮಾನಯಾನವಲ್ಲ. ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ೧.೭ ಮೈಲಿ, ಎಂಟು ಮಂದಿ ಕುಳಿತುಕೊಳ್ಳತಕ್ಕ ಐಲಾಂಡರ್ ವಿಮಾನವು ಎರಡು ನಿಮಿಷದಲ್ಲಿ ಮುಟ್ಟುತ್ತದೆ, ಗಾಳಿ ಅನುಕೂಲವಾಗಿದ್ದರೆ ಒಂದು ನಿಮಿಷವೂ ಹಿಡಿಯದು. ವೇಳಾಪಟ್ಟಿಗೆ ಒಳಪಟ್ಟ ಹಾರಾಟಗಳಲ್ಲಿ ಪ್ರಪಂಚದಲ್ಲೆಲ್ಲ ಇದೇ ಅತಿ ಚಿಕ್ಕದು. ಬಾರಾ ದ್ವೀಪದಲ್ಲಿಯಾದರೋ ವಿಮಾನ ಇಳಿಯುವುದು ಕಡಲ ತೀರದ ಮರಳಿನ ಮೇಲೆ. ಮರದ ಕಂಬಗಳಿಂದ ಗುರುತುಮಾಡಿದ ಮೂರು ಓಟದ ಹಾದಿಗಳು ಉಬ್ಬರ ಬಂದಾಗ ನೀರಿನಡಿಯಲ್ಲಿ ಮುಳುಗಿಹೋಗುತ್ತವೆ. ಆದುದರಿಂದ ಅಲ್ಲಿ ವೇಳಾಪಟ್ಟಿ ಬರೆಯುವವರು ಗಡಿಯಾರಕ್ಕಿಂತ ಮೊದಲು ಉಬ್ಬರ ಇಳಿತಗಳ ಪಂಚಾಂಗವನ್ನು ನೋಡಬೇಕು! ಗಾಳಿಯ ದಿಕ್ಕು ತೋರಿಸುವ ಚೀಲವನ್ನು ಏರಿಸಿದ್ದರೆ, ಚಿಪ್ಪು ಆಯುವವರು ಮರಳಿಗೆ ಇಳಿಯಕೂಡದು. ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ಕೆಲಸವೂ ೨೦೦೬ರವರೆಗೆ ಈ ಸಂಸ್ಥೆಯದಾಗಿದ್ದಿತು.

ಇಂತಹ ಸಂಸ್ಥೆಗೆ ಎರವಿನ ಹೆಸರೇಕೆ? ಲಾಭ ಕಡಮೆ, ಒಡೆತನವೂ ಸ್ಥಿರವಿಲ್ಲ. ೧೯೬೮ರಲ್ಲಿ ಒಂದು ಬ್ಯಾಂಕು ಕೊಂಡಿತು. ೧೯೮೩ರಲ್ಲಿ ಬ್ರಿಟಿಷ್ ಮಿಡ್‌ಲೆಂಡ್ ಬಳಗದ ವಶವಾಯಿತು. ೧೯೯೪ರಲ್ಲಿ ಬ್ರಿಟಿಷ್ ಏರ್‌ವೇಸಿನೊಡನೆ ಒಪ್ಪಂದವಾಗಿ, ಎಂಟು ಆಸನದ ಪುಟ್ಟ ವಿಮಾನವೂ ಆ ದೊಡ್ಡ ಸಂಸ್ಥೆಯ ಬಣ್ಣವನ್ನು ತೊಟ್ಟಿತು. ಕರ್ಕ್‌ವಾಲಿನಲ್ಲಿ ಹೊರಟವನು ಒಂದೇ ಟಿಕೀಟಿನಲ್ಲಿ ಸಮುದ್ರಾಂತರಕ್ಕೂ ಹೋಗುವಂತಾಯಿತು. ಇದೇನೂ ಅಲ್ಪವಾದ ಅನುಕೂಲವಲ್ಲ.

ಆದರೆ ಒಪ್ಪಂದದ ತಿರುಳು ಬೇರೆ. ಹೆಸರು, ಬಣ್ಣ, ಉಡುಪು, ಹಾರಾಟದ ಸಂಖ್ಯೆ, ಸ್ಥಳ ಕಾದಿರಿಸುವ ಏರ್ಪಾಡು, ಇವು ಕೊಡುವವರವು. ವಿಮಾನ, ಚಾಲಕರು, ಪೆಟ್ರೋಲಿನ ಖರ್ಚು, ಸುರಕ್ಷತೆಯ ಹೊಣೆ, ಖಾಲಿ ಆಸನದ ನಷ್ಟ, ಇವೆಲ್ಲ ಪಡೆಯುವವರವು. ನಮ್ಮ ರೈತರು ವಾರಕ್ಕೂ ಗುತ್ತಿಗೆಗೂ ಇರುವ ಭೇದವನ್ನು ಚೆನ್ನಾಗಿ ಬಲ್ಲರು. ವಾರದಲ್ಲಿ ಬೆಳೆ ಕೆಟ್ಟರೆ ಒಡೆಯನ ಪಾಲೂ ಕೆಡುತ್ತದೆ. ಗುತ್ತಿಗೆಯಲ್ಲಿ ಕೆಡುವುದು ಉಳುವವನ ಪಾಲು ಮಾತ್ರ. ಎರವಿನ ಹೆಸರು ಗುತ್ತಿಗೆಯ ಜಾತಿಯದು. ೧೯೯೭ರಲ್ಲಿ ಆಡಳಿತವರ್ಗದವರೇ ಸಂಸ್ಥೆಯನ್ನು ಕೊಂಡುಕೊಂಡಾಗ ಕೈಗೆ ಬಂದುದು ಐದು ಐಲಾಂಡರುಗಳು ಮತ್ತು ಒಂದು ಟ್ವಿನ್ ಆಟರ್, ಒಟ್ಟು ಆರೇ ವಿಮಾನಗಳು. ದೊಡ್ಡ ಹೆಸರು ಬಾಲದ ಮೇಲೆ ಆಗಲೂ ಇದ್ದಿತು.

ದ್ವೀಪದವರನ್ನು ಕಾಪಾಡಿದುದು ಹೆಸರಲ್ಲ, ಸಾರ್ವಜನಿಕ ಹಣವೆಂದು ನಮ್ಮ ಅಭಿಪ್ರಾಯ. ಆರ್ಕ್ನಿಯ ಒಳದ್ವೀಪಗಳ ಹಾರಾಟಕ್ಕೆ ಅಲ್ಲಿನ ಸ್ಥಳೀಯ ಕೌನ್ಸಿಲೂ, ಬಾರಾ ದಾರಿಗೆ ಸ್ಕಾಟ್ಲೆಂಡಿನ ಸರ್ಕಾರವೂ ಕರಾರಿನ ಮೇಲೆ ಸಹಾಯಧನ ಕೊಡುತ್ತವೆ. ೨೦೦೬ರಿಂದ ದ್ವೀಪವಾಸಿಗಳಿಗೆ ದರದಲ್ಲಿ ರಿಯಾಯಿತಿಯೂ ದೊರೆಯಿತು.

೨೦೦೮ರಲ್ಲಿ ಲೋಗನೇರ್ ಬ್ರಿಟಿಷ್ ಏರ್‌ವೇಸಿನ ಹೆಸರನ್ನು ಬಿಟ್ಟು ಫ್ಲೈಬಿ ಎಂಬ ಕಂಪೆನಿಯ ಹೆಸರನ್ನು ಹಿಡಿಯಿತು. ೨೦೧೭ರ ಸೆಪ್ಟೆಂಬರಿನಲ್ಲಿ ಅದನ್ನೂ ಕಳಚಿತು. ಕೂಡಲೆ ಫ್ಲೈಬಿಯು ತನ್ನ ಹೆಸರನ್ನು ಈಸ್ಟರ್ನ್ ಏರ್‌ವೇಸಿಗೆ ಎರವು ಕೊಟ್ಟು, ಅದೇ ದ್ವೀಪಗಳ ದಾರಿಯಲ್ಲಿ ಸ್ಪರ್ಧೆಗೆ ಇಳಿಸಿತು. ಪ್ರಯಾಣಿಕರು ಸಾಲದೆ ಆ ಸ್ಪರ್ಧೆ ಕೆಲವೇ ತಿಂಗಳುಗಳಲ್ಲಿ ಮುಗಿಯಿತು. ೨೦೨೦ರ ಮಾರ್ಚಿ ೫ರಂದು ಫ್ಲೈಬಿಯೇ ಮುಳುಗಿತು. ಅದು ಬಿಟ್ಟುಹೋದ ದಾರಿಗಳಲ್ಲಿ ಹದಿನಾರನ್ನು ತಾನು ನಡೆಸುವುದಾಗಿ ಲೋಗನೇರ್ ಅಂದೇ ಪ್ರಕಟಿಸಿತು. ಫ್ಲೈಬಿ ಎಂಬ ಹೆಸರನ್ನು ಬೇರೆಯವರು ಕೊಂಡು ೨೦೨೨ರಲ್ಲಿ ಮತ್ತೊಮ್ಮೆ ಹಾರಿಸಿದರು. ೨೦೨೩ರ ಜನವರಿಯಲ್ಲಿ ಅದೂ ನಿಂತಿತು.