ಎತ್ತಿನ ಮೊಣಕಾಲು, ಮರದ ಬದನಿಕೆ

ಚೀನಾದ ಶಿಆನ್ ನಗರದ ಒಂದು ಹಳೆಯ ಗಲ್ಲಿ, ಚಳಿಗಾಲದ ಬೆಳಿಗ್ಗೆ. ಔಷಧಿ ಅಂಗಡಿಯ ದಪ್ಪ ಪರದೆ ಸರಿಸಿದ ಅಜ್ಜಿ ಬಾಗಿಲ ಚೌಕಟ್ಟು ಹಿಡಿದು, ಮೊದಲು ಎಡಗಾಲು, ಆಮೇಲೆ ನೋಯುವ ಬಲಗಾಲು ಎತ್ತಿಟ್ಟು ಹೊಸ್ತಿಲು ದಾಟುತ್ತಾಳೆ. ಒಳಗೆ ನೆಲದಿಂದ ಸೂರಿನವರೆಗೆ ಬರೀ ಪುಟ್ಟ ಪುಟ್ಟ ಖಾನೆಗಳು. ಈ ಖಾನೆಗಳ ಗೋಡೆಗೆ ‘ನೂರು ಮಕ್ಕಳ ಕಪಾಟು’ ಎಂಬ ಹೆಸರೂ ಉಂಟು.

ಅವಳ ಚೀಟಿಯಲ್ಲಿರುವುದು ‘ದೂಹುವೊ ಜೀಶೆಂಗ್ ಟಾಂಗ್’. ಕ್ರಿ.ಶ. 652ರ ಸುಮಾರಿಗೆ, ಇದೇ ಸೀಮೆಯ ವೈದ್ಯ ಸುನ್ ಸಿಮಿಯಾವೊ ತನ್ನ ಗ್ರಂಥದಲ್ಲಿ ಬರೆದಿಟ್ಟ ಕಷಾಯ. ಒಟ್ಟು 15 ಸಾಮಗ್ರಿ. ಗಾಳಿ, ಶೀತ, ತೇವ ಮೂರೂ ಕೂಡಿ ಕೀಲಿನ ದಾರಿ ಕಟ್ಟಿದರೆ ಅದು ‘ಬಿ’ ರೋಗ ಎಂಬುದು ಅಲ್ಲಿನ ವೈದ್ಯದ ಲೆಕ್ಕ. ಸೊಂಟ, ಮಂಡಿ ಹಿಡಿದುಕೊಂಡ ಮುದಿ ದೇಹಕ್ಕೆಂದೇ ಈ ಕಷಾಯ.

ಅಂಗಡಿಯವನು ಕೈತಕ್ಕಡಿ ಎತ್ತುತ್ತಾನೆ. ಮೊದಲು ದೂಹುವೊ ಬೇರು. ಹೆಸರಿನ ಅರ್ಥ ‘ಒಂಟಿಯಾಗಿ ಬಾಳುವುದು’. ಗಾಳಿಗೆ ಅಲುಗದ ಗಿಡವೆಂದು ಹಳಬರ ನಂಬಿಕೆ. ಅದರ ಜೊತೆಗಾರ ಹಿಪ್ಪುನೇರಳೆ ಮರದ ಬದನಿಕೆ, ಇನ್ನೊಬ್ಬರ ಕೊಂಬೆಯಲ್ಲೇ ಸಂಸಾರ ಹೂಡುವಂಥದ್ದು. ಒಂಟಿಯನ್ನೂ ಪರಾವಲಂಬಿಯನ್ನೂ ಒಂದೇ ಹೆಸರಿನಲ್ಲಿ ಕೂರಿಸಿದವನಿಗೆ ತುಸು ತಮಾಷೆಯ ಬುದ್ಧಿಯೂ ಇದ್ದಿರಬೇಕು. ದೂಜೊಂಗ್ ತೊಗಟೆ ಮುರಿದರೆ ಎರಡು ತುಂಡಿನ ನಡುವೆ ಬೆಳ್ಳಿ ಎಳೆಗಳು ಜೇಡನ ಬಲೆಯಂತೆ ಜಗ್ಗುತ್ತವೆ. ಆಮೇಲೆ ನಿಯುಶೀ, ಅಂದರೆ ‘ಎತ್ತಿನ ಮೊಣಕಾಲು’. ಕಾಂಡದ ಗೆಣ್ಣು ಊದಿಕೊಂಡಿರುವುದಕ್ಕೆ ಆ ಹೆಸರು. ನಮ್ಮ ಬೇಲಿಯಲ್ಲಿ ಪಂಚೆಗೆ ಅಂಟುವ ಉತ್ತರಾಣಿಯ ದಾಯಾದಿ ಇದು. ದಾಲ್ಚಿನ್ನಿಯಂಥ ಚಕ್ಕೆ, ಜಿನ್‌ಸೆಂಗ್, ಜ್ಯೇಷ್ಠಮಧುವಿನ ಬಳಗದ ಸಿಹಿಬೇರು ಒಂದೊಂದಾಗಿ ಕಾಗದದ ಮೇಲೆ ಬೀಳುತ್ತವೆ. ನೋವನ್ನು ಓಡಿಸುವವು ಕೆಲವು, ಬಡಕಲು ದೇಹಕ್ಕೆ ಆಸರೆ ಕೊಡುವವು ಹಲವು.

ಶೀಶಿನ್ ಎಂಬ ನವಿರು ಬೇರಿನ ಸರದಿ ಬಂದಾಗ ಕೈ ನಿಧಾನವಾಗುತ್ತದೆ. ಮೂರು ಗ್ರಾಂ ದಾಟಬಾರದು. ಮೂತ್ರಪಿಂಡ ಕೆಡಿಸುವ, ಕ್ಯಾನ್ಸರಿಗೂ ದಾರಿಯಾಗುವ ಅರಿಸ್ಟೊಲೊಕಿಕ್ ಆಮ್ಲ ಆ ಗಿಡದಲ್ಲಿದೆ; ಎಲೆಯಲ್ಲಿ ಹೆಚ್ಚು, ಬೇರಿನಲ್ಲಿ ಕಡಿಮೆ. ಅದಕ್ಕೇ ಈಗ ಬೇರು ಮಾತ್ರ. ಗಿಡಮೂಲಿಕೆ ತಾನೇ, ಏನೂ ಮಾಡದು ಎನ್ನುವವರು ಈ ತಕ್ಕಡಿಯ ಮುಳ್ಳು ನೋಡಬೇಕು.

ಮನೆಯಲ್ಲಿ ಮಣ್ಣಿನ ಮಡಕೆ ಕಾದಿದೆ. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕುದಿಸಿ, ಬಸಿದು, ಮತ್ತೆ ನೀರು ಹಾಕಿ ಇನ್ನೊಮ್ಮೆ ಕುದಿ. ಎರಡೂ ರಸ ಬೆರೆಸಿದರೆ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ಮನೆಯೆಲ್ಲ ಮಣ್ಣು, ಚಕ್ಕೆ, ಒದ್ದೆ ಸೌದೆಯ ವಾಸನೆ. ಅಜ್ಜಿ ಮೂಗು ಹಿಡಿಯುವುದಿಲ್ಲ. ಬಟ್ಟಲನ್ನು ಎರಡೂ ಅಂಗೈಯಲ್ಲಿ ಬಿಗಿಹಿಡಿದು, ಮೊದಲು ಬೆರಳ ಗೆಣ್ಣುಗಳಿಗೆ ಕಾವು ಕುಡಿಸಿ, ಆಮೇಲೆ ತಾನು ಕುಡಿಯುತ್ತಾಳೆ.

ಸಂಜೆ ಚರಟವನ್ನು ದಾರಿಯ ನಡುವೆ ಸುರಿಯುತ್ತಾಳೆ. ತುಳಿದವರ ಕಾಲಿಗಂಟಿ ರೋಗ ದೂರ ಹೋಗುತ್ತದೆ ಎಂಬುದು ಹಳೆಯ ನಂಬಿಕೆ. ಶಾಲೆ ಬಿಟ್ಟ ಹುಡುಗನೊಬ್ಬನ ಸೈಕಲ್ ಚಕ್ರ ಅದರ ಮೇಲೆ ಹಾದು ಮುಂದಿನ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಚೌಕಟ್ಟು ಹಿಡಿದು ನಿಂತಿರುತ್ತಾಳೆ.